ಕಬ್ಬಿನ ಬಯೋಟೆಕ್: ಲ್ಯಾಬಿನಿಂದ ಹೊಲಕ್ಕೆ ಯಾಕಿಷ್ಟು ದೂರ?

ನವಲಗುಂದ ತಾಲೂಕಿನ ನಮ್ಮ ತಿರ್ಲಾಪುರ ಎರೆ ನೆಲದ ಊರು. ಮುಂಗಾರಿಗೆ ಹೆಸರು, ಹತ್ತಿ, ಗೋವಿನಜೋಳ, ಉಳ್ಳಾಗಡ್ಡಿ. ಹಿಂಗಾರಿಗೆ ಕಡಲೆ, ಜೋಳ, ಗೋಧಿ. ಇಲ್ಲಿ ಹತ್ತಿ ಬಿತ್ತುವವರು ಪ್ರತಿ ವರ್ಷ ಅಂಗಡಿಗೆ ಹೋಗಿ ಬಿಟಿ ಬೀಜದ ಪ್ಯಾಕೆಟ್ ತರಲೇಬೇಕು. ಆದರೆ ಪಕ್ಕದ ಬೆಳಗಾವಿ ಜಿಲ್ಲೆಗೆ ಹೋಗಿ ನೋಡಿ. ಅಲ್ಲಿ ಕಬ್ಬು ಹಚ್ಚುವವರಲ್ಲಿ ಎಷ್ಟೋ ಜನ ಬೀಜಕ್ಕೆ ಅಂಗಡಿ ಮೆಟ್ಟಿಲು ಹತ್ತಲ್ಲ. ಯಾರದೋ ಹೊಲದಲ್ಲಿ ಕಬ್ಬು ಚಲೋ ಕಂಡರೆ, "ಯಾವ ತಳಿರಿ ಇದು, ನನಗೂ ಒಂದು ಟ್ರ್ಯಾಕ್ಟರ್ ಬೀಜ ಕೊಡ್ರಿ" ಅಂತ ಕೇಳಿ ತರುತ್ತಾರೆ. ಆಗಲೇ ತಮ್ಮ ಹೊಲದಲ್ಲಿ ಇದ್ದರೆ ಅದೂ ಬೇಡ, ಅದನ್ನೇ ಕಡಿದು ಹಚ್ಚುತ್ತಾರೆ.

ಎರಡೂ ಬೆಳೆಗಳ ಹಿಂದೆ ಹತ್ತಾರು ವರ್ಷಗಳ ಸಂಶೋಧನೆ ಇದೆ. ಆದರೆ ಹತ್ತಿಯ ಬೀಜ ಮಾರುಕಟ್ಟೆಯ ಪ್ರಾಡಕ್ಟ್ ಆಯಿತು, ಕಬ್ಬಿನ ಬೀಜ ಆಗಲಿಲ್ಲ. ಕಬ್ಬಿನ ಬಯೋಟೆಕ್ನಾಲಜಿ ಅಂದರೆ ಏನು, ಅದರಲ್ಲಿ ಯಾವುದು ಮಾರಾಟ ಆಗುತ್ತೆ, ಯಾವುದು ರಿಸರ್ಚ್ ಪೇಪರ್‌ನಲ್ಲೇ ಉಳಿಯುತ್ತೆ ಅನ್ನೋದು ಅರ್ಥ ಆಗಬೇಕಾದರೆ ಈ ವ್ಯತ್ಯಾಸದಿಂದಲೇ ಶುರು ಮಾಡಬೇಕು.

ಕಬ್ಬಿನ ಬೀಜ ಅಂದರೆ ಕಬ್ಬೇ

ಕಬ್ಬಿನ ಪ್ರತಿ ಗಣ್ಣಿನಲ್ಲಿ ಒಂದು ಕಣ್ಣು ಇರುತ್ತದೆ. ಎರಡು ಮೂರು ಕಣ್ಣಿನ ತುಂಡು ಮಾಡಿ ಮಣ್ಣಿನಲ್ಲಿ ಇಟ್ಟರೆ ಆ ಕಣ್ಣು ಚಿಗುರಿ ಹೊಸ ಕಬ್ಬಾಗುತ್ತದೆ. ಇಲ್ಲಿ ಹೂವು, ಪರಾಗ, ತಂದೆ ತಾಯಿ ಯಾವುದೂ ಇಲ್ಲ. ಹಳೇ ಕಬ್ಬಿನ ಡಿಎನ್‌ಎ ಹಾಗೇ ಹೊಸ ಕಬ್ಬಿಗೆ ಹೋಗುತ್ತದೆ. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದರೆ ಶುದ್ಧ ಕಾಪಿ-ಪೇಸ್ಟ್. ಒಂದು ತಳಿ ಲಕ್ಷ ಎಕರೆಯಲ್ಲಿ ಇದ್ದರೆ ಅದು ಲಕ್ಷ ಎಕರೆಯಷ್ಟು ಒಂದೇ ಗಿಡ. ಕಡಿದ ಮೇಲೆ ಉಳಿದ ಬುಡದಿಂದ ಮತ್ತೆ ಚಿಗುರಿ ಬರುವ ಕೂಳೆ ಬೆಳೆಯೂ ಅದೇ ಗಿಡ.

ಇದರಿಂದ ಮೂರು ಪರಿಣಾಮ ಆಗುತ್ತವೆ. ಒಂದು, ಒಳ್ಳೆ ತಳಿ ಒಮ್ಮೆ ಸಿಕ್ಕರೆ ಅದರ ಗುಣ ಕೆಡದೆ ಮುಂದುವರೆಯುತ್ತದೆ. ಎರಡು, ರೋಗವೂ ಬೀಜದ ಜೊತೆಗೇ ಪ್ರಯಾಣ ಮಾಡುತ್ತದೆ. ಮೂರು, ಒಂದು ಸಲ ತಳಿ ಕೊಂಡ ರೈತ ಮತ್ತೆ ಕೊಳ್ಳಬೇಕಾಗಿಲ್ಲ. ಈ ಮೂರನೆಯದ್ದನ್ನು ನೆನಪಿಟ್ಟುಕೊಳ್ಳಿ.

14 ವರ್ಷದ ಒಂದು ತಳಿ

ಕಾಪಿ ಮಾಡೋದು ಸುಲಭ, ಆದರೆ ಹೊಸದನ್ನು ಹುಟ್ಟಿಸೋದು ಬಹಳ ಕಷ್ಟ. ಹೊಸ ತಳಿ ಬೇಕಾದರೆ ಕಬ್ಬು ಹೂ ಬಿಡಬೇಕು, ಎರಡು ತಳಿಗಳ ನಡುವೆ ಸಂಕರ ಆಗಬೇಕು, ನಿಜವಾದ ಬೀಜ ಕಟ್ಟಬೇಕು. ಇದಕ್ಕೆ ಬೇಕಾದ ಹವಾಮಾನ ಎಲ್ಲಾ ಕಡೆ ಸಿಗಲ್ಲ. ಕೊಯಮತ್ತೂರಿನಲ್ಲಿ ಸಿಗುತ್ತದೆ. ಅದಕ್ಕೇ 1912ರಲ್ಲಿ ಅಲ್ಲಿ ಕಬ್ಬು ತಳಿ ಅಭಿವೃದ್ಧಿ ಕೇಂದ್ರ ಶುರುವಾಯಿತು. ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅಲ್ಲಿ ದಪ್ಪಗಿನ ಸಿಹಿ ಕಬ್ಬನ್ನು ಕಾಡಿನ ಹುಲ್ಲಿನಂಥ ಗಟ್ಟಿ ಕಬ್ಬಿನ ಜೊತೆ ಸಂಕರ ಮಾಡಿದರು. 1918ರಲ್ಲಿ ಬಂದ ಕೋ 205 ಈ ದಾರಿಯ ಮೊದಲ ದೊಡ್ಡ ಗೆಲುವು. 1930ರ ದಶಕದಲ್ಲಿ ಜಾನಕಿ ಅಮ್ಮಾಳ್ ಇಲ್ಲೇ ಕಬ್ಬಿನ ಕ್ರೋಮೋಸೋಮ್‌ಗಳ ಮೇಲೆ ಕೆಲಸ ಮಾಡಿದರು. ಕಬ್ಬನ್ನು ಗೋವಿನಜೋಳದ ಜೊತೆ ಸಂಕರ ಮಾಡಿ ನೋಡಿದವರು ಅವರು.

ತಳಿಯ ಹೆಸರಿನಲ್ಲಿ 'ಕೋ' ಅಂತ ಇದ್ದರೆ ಕೊಯಮತ್ತೂರು ಅಂತ ಅರ್ಥ. ಹುಕ್ಕೇರಿ ತಾಲೂಕಿನ ಸಂಕೇಶ್ವರದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇದೆ. ಅಲ್ಲಿಂದ ಬಂದ ತಳಿಗಳಿಗೆ 'ಎಸ್‌ಎನ್‌ಕೆ' ಅಂತ ಹೆಸರು. ಮಂಡ್ಯದ ವಿ.ಸಿ. ಫಾರ್ಮ್ ತಳಿಗಳ ಹೆಸರಿನಲ್ಲಿ 'ವಿಸಿ' ಇರುತ್ತದೆ.

ಉತ್ತರ ಕರ್ನಾಟಕದ ರೈತರು ಬರೀ ನಂಬರ್ ಹೇಳಿ ಗುರುತಿಸುವ 86032 ತಳಿಯನ್ನೇ ತಗೊಳ್ಳಿ. ಅದಕ್ಕೆ ಆ ನಂಬರ್ ಸಿಕ್ಕಿದ್ದು 1986ರಲ್ಲಿ. ಅಧಿಕೃತವಾಗಿ ಬಿಡುಗಡೆ ಆಗಿದ್ದು 2000ದಲ್ಲಿ. ನಡುವೆ 14 ವರ್ಷ! ಸಾವಿರಾರು ಸಸಿ ಬೆಳೆಸಿ, ಅದರಲ್ಲಿ ಕೆಲವನ್ನು ಆರಿಸಿ, ಬೇರೆ ಬೇರೆ ಊರಿನ ಮಣ್ಣಿನಲ್ಲಿ ಹಚ್ಚಿ, ಕೂಳೆ ಬೆಳೆ ಹೇಗೆ ಬರುತ್ತೆ ಅಂತ ಕಾದು ನೋಡಿ, ರೋಗ ಅಂಟಿಸಿ ಪರೀಕ್ಷೆ ಮಾಡಿ ಆಮೇಲೆ ತಳಿ ಹೊರಗೆ ಬರುತ್ತದೆ. ಕಬ್ಬು ಒಂದು ವರ್ಷದ ಬೆಳೆ. ಅಂದರೆ ಒಂದು ಪ್ರಯೋಗದ ರಿಸಲ್ಟ್ ನೋಡೋಕೆ ನಮ್ಮ ಎರಡು ಸೆಮಿಸ್ಟರ್ ಬೇಕು.

ಜೀನೋಮ್ ಕಥೆ ಇನ್ನೂ ಗೋಜಲು. ಮನುಷ್ಯರಿಗೆ 46 ಕ್ರೋಮೋಸೋಮ್, ಎರಡೆರಡರ ಜೋಡಿಯಲ್ಲಿ. ಈಗಿನ ಕಬ್ಬಿನ ತಳಿಗಳಲ್ಲಿ 100ರಿಂದ 130. ಒಂದೇ ಜೀನಿನ ಎಂಟು ಹತ್ತು ಪ್ರತಿಗಳು, ಪ್ರತಿಯೊಂದೂ ಸ್ವಲ್ಪ ಬೇರೆ ಬೇರೆ. ಮನುಷ್ಯನ ಜೀನೋಮ್ ಓದಿದ ಎಷ್ಟೋ ವರ್ಷಗಳ ನಂತರ, 2024ರಲ್ಲಿ, ಆರ್570 ಅನ್ನುವ ಒಂದು ತಳಿಯ ಸಂಕೀರ್ಣ ಜೀನೋಮ್ ವಿವರವಾಗಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಬಗ್ ಸರಿ ಮಾಡಬೇಕಾಗಿದೆ, ಆದರೆ ಅದೇ ಫೈಲಿನ ಹತ್ತು ಪ್ರತಿಗಳಿವೆ, ಯಾವುದು ರನ್ ಆಗ್ತಿದೆ ಗೊತ್ತಿಲ್ಲ ಅಂದುಕೊಳ್ಳಿ. ಕಬ್ಬಿನ ಜೆನೆಟಿಕ್ ಎಂಜಿನಿಯರ್‌ಗಳ ಸ್ಥಿತಿ ಹಾಗಿದೆ.

ಹೊರಗಿನಿಂದ ಜೀನ್ ಹಾಕಿದರೂ ಕಬ್ಬು ಅದನ್ನು ಸುಮ್ಮನಾಗಿಸಿಬಿಡಬಹುದು. ಹಾಗೇ ಗಾಜಿನಮನೆಯಲ್ಲಿ ಕಂಡದ್ದು ಹೊಲದಲ್ಲಿ ಕಾಣಲೇಬೇಕು ಅಂತಿಲ್ಲ. 2007ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಒಂದು ಬ್ಯಾಕ್ಟೀರಿಯಾದ ಜೀನ್ ಸೇರಿಸಿ, ರಸದಲ್ಲಿ ಸಕ್ಕರೆ ಅಂಶ ದುಪ್ಪಟ್ಟಾದ ಕಬ್ಬಿನ ಸಾಲುಗಳನ್ನು ತೋರಿಸಿದರು. ಆಗ ದೊಡ್ಡ ಸುದ್ದಿ ಆಗಿತ್ತು. ಆ ಕಬ್ಬು ಇನ್ನೂ ಮಾರುಕಟ್ಟೆಗೆ ಬಂದಿಲ್ಲ.

ಹತ್ತಿ ಯಾಕೆ ಗೆದ್ದಿತು?

ಈಗ ಹತ್ತಿಗೆ ಬರೋಣ. ಇದರಲ್ಲಿ ನಮ್ಮ ಧಾರವಾಡದ್ದೇ ದೊಡ್ಡ ಪಾತ್ರ. 1972ರಲ್ಲಿ ಡಾ. ಬಿ.ಎಚ್. ಕತರಕಿ ಅವರು ಧಾರವಾಡದಲ್ಲಿ ವರಲಕ್ಷ್ಮಿ ಅನ್ನುವ ಹೈಬ್ರಿಡ್ ಹತ್ತಿ ಕೊಟ್ಟರು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳ ಸಂಕರ ಅದು. ಆಮೇಲೆ 1981ರಲ್ಲಿ ಡಿಸಿಎಚ್-32 ಬಂತು. ಹೈಬ್ರಿಡ್‌ನ ವಿಶೇಷ ಏನಂದರೆ ಅದರ ಬೀಜವನ್ನು ಉಳಿಸಿ ಮುಂದಿನ ವರ್ಷ ಬಿತ್ತಿದರೆ ಗಿಡಗಳು ಒಂದೊಂದು ಒಂದೊಂದು ಥರ ಬರುತ್ತವೆ, ಇಳುವರಿ ಬೀಳುತ್ತದೆ. ಅದಕ್ಕೇ ರೈತ ಪ್ರತಿ ವರ್ಷ ಹೊಸ ಬೀಜ ಕೊಳ್ಳುತ್ತಾನೆ. ಯಾವ ಲಾಕೂ ಇಲ್ಲದೆ ಬಯಾಲಜಿಯೇ ಹಾಕಿದ ಲೈಸೆನ್ಸ್ ಇದು.

2002ರಲ್ಲಿ ಭಾರತದಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಾಗ ಕಂಪನಿಗಳು ಆ ಜೀನನ್ನು ಇಟ್ಟಿದ್ದು ಹೈಬ್ರಿಡ್‌ಗಳ ಒಳಗೆ. ಬೀಜದ ಬೆಲೆಯ ಮೇಲೆ ಜೀನಿನ ಬೆಲೆ ಸೇರಿತು. 450 ಗ್ರಾಂ ಪ್ಯಾಕೆಟ್ 1,600 ರೂಪಾಯಿ ದಾಟಿತು. 2006ರಲ್ಲಿ ಆಂಧ್ರ ಸರ್ಕಾರ ದೂರು ಕೊಟ್ಟ ಮೇಲೆ ಅದು 750ರ ಮಟ್ಟಕ್ಕೆ ಇಳಿಯಿತು.

ಇದಕ್ಕೆ ಸರ್ಕಾರಿ ಸಂಸ್ಥೆಗಳ ಉತ್ತರವೂ ಇತ್ತು, ಅದು ಹುಟ್ಟಿದ್ದರಲ್ಲೂ ಧಾರವಾಡದ ಪಾಲಿದೆ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯ ಸೇರಿ ಬಿಕಾನೇರಿ ನರ್ಮಾ ಅನ್ನುವ ಹಳೇ ತಳಿಗೆ ಬಿಟಿ ಜೀನ್ ಹಾಕಿದ ಹತ್ತಿ ತಂದವು. ಇದು ಹೈಬ್ರಿಡ್ ಅಲ್ಲ, ತಳಿ. ರೈತ ಬೀಜ ಉಳಿಸಿ ಮತ್ತೆ ಬಿತ್ತಬಹುದು. 2008ರಲ್ಲಿ ಅನುಮತಿ ಸಿಕ್ಕಿತು, 2009ರಲ್ಲಿ ಬೀಜ ರೈತರ ಕೈಗೆ ಬಂತು, ಅದೇ ವರ್ಷ ನಿಲ್ಲಿಸಬೇಕಾಯಿತು. ಕಾರಣ, ಆ ಬೀಜದಲ್ಲಿ ಮಾನ್ಸಾಂಟೊ ಕಂಪನಿಯ ಮಾನ್531 ಅನ್ನುವ ಈವೆಂಟ್‌ನ ಡಿಎನ್‌ಎ ಕಂಡುಬಂದಿತ್ತು. ಈವೆಂಟ್ ಅಂದರೆ ಜೀನ್ ಗಿಡದ ಡಿಎನ್‌ಎಯಲ್ಲಿ ಯಾವ ಜಾಗದಲ್ಲಿ ಹೋಗಿ ಕೂತಿದೆ ಅನ್ನುವ ಗುರುತು, ಬೆರಳಚ್ಚು ಇದ್ದಂತೆ. ಎಸ್.ಕೆ. ಸೊಪೋರಿ ಅವರ ಅಧ್ಯಕ್ಷತೆಯ ಸಮಿತಿ ಇದನ್ನು ಪರಿಶೀಲಿಸಿ 2012ರಲ್ಲಿ ವರದಿ ಕೊಟ್ಟಿತು. ಉಳಿಸಿ ಬಿತ್ತಬಹುದಾದ ಸರ್ಕಾರಿ ಬಿಟಿ ಬೀಜ ಅನ್ನುವ ದೊಡ್ಡ ಅವಕಾಶ ಹೀಗೆ ಕೈತಪ್ಪಿತು.

ನಮ್ಮಂಥವರಿಗೆ ಇದರಲ್ಲಿ ಒಂದು ಪಾಠ ಇದೆ. ಲ್ಯಾಬಿನಲ್ಲಿ ಜೀನ್ ಹಾಕೋದು ಕೆಲಸದ ಒಂದು ಭಾಗ ಅಷ್ಟೇ. ಯಾವ ಗಿಡ ಯಾವುದರಿಂದ ಬಂತು ಅಂತ ದಾಖಲೆ, ಬೀಜದ ಶುದ್ಧತೆಯ ಪರೀಕ್ಷೆ, ಬೇರೆಯದರ ಜೊತೆ ಬೆರಕೆ ಆಗದಂತೆ ಕಾಯೋದು, ಇವೆಲ್ಲ ಇಲ್ಲದಿದ್ದರೆ ಸಂಶೋಧನೆ ಪ್ರಾಡಕ್ಟ್ ಆಗಲ್ಲ.

ಕಬ್ಬಿಗೆ ಹೈಬ್ರಿಡ್ ಲೈಸೆನ್ಸ್ ಇಲ್ಲ. ಕಣ್ಣಿನಿಂದ ಕಾಪಿ ಆಗುವ ಬೆಳೆ ಅದು. ಮೇಲಾಗಿ ಭಾರತದ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ, ಬೀಜ ಉಳಿಸುವ, ಬಿತ್ತುವ, ಹಂಚಿಕೊಳ್ಳುವ, ಬ್ರ್ಯಾಂಡ್ ಹಾಕದೆ ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಅದು ಸರಿಯಾದದ್ದೇ. ಆದರೆ ಖಾಸಗಿ ಕಂಪನಿಯ ಕಣ್ಣಿನಿಂದ ನೋಡಿದರೆ 14 ವರ್ಷ ದುಡ್ಡು ಹಾಕಿ ಒಂದೇ ಸಲ ಮಾರುವ ವ್ಯಾಪಾರ. ಅದಕ್ಕೇ ಕಬ್ಬಿನ ತಳಿ ಕೆಲಸ ನಮ್ಮಲ್ಲಿ ಹೆಚ್ಚಾಗಿ ಸರ್ಕಾರಿ ಸಂಸ್ಥೆಗಳ ಕೈಯಲ್ಲೇ ಇದೆ.

ಹಾಗಾದರೆ ಬ್ರೆಜಿಲ್‌ನಲ್ಲಿ ಹೇಗಾಯಿತು?

ಜಗತ್ತಿನಲ್ಲಿ ಕುಲಾಂತರಿ ಕಬ್ಬು ಇಲ್ಲವೇ ಇಲ್ಲ ಅಂತೇನಲ್ಲ. ಇಂಡೋನೇಷ್ಯಾದಲ್ಲಿ ಬರ ತಡೆಯುವ ಕಬ್ಬಿಗೆ 2013ರಲ್ಲಿ ಅನುಮತಿ ಸಿಕ್ಕಿತು. ಅದನ್ನು ಅಭಿವೃದ್ಧಿ ಮಾಡಿದ್ದು ಸರ್ಕಾರಿ ಪ್ಲಾಂಟೇಶನ್ ಕಂಪನಿ ಪಿಟಿಪಿಎನ್ 11, ಜೆಂಬರ್ ವಿಶ್ವವಿದ್ಯಾಲಯ ಮತ್ತು ಜಪಾನಿನ ಅಜಿನೊಮೊಟೊ ಸೇರಿ. ಬ್ರೆಜಿಲ್‌ನಲ್ಲಿ ಸಿಟಿಸಿ ಅನ್ನುವ ಸಂಸ್ಥೆಯ ಬಿಟಿ ಕಬ್ಬಿಗೆ 2017ರಲ್ಲಿ ಅನುಮತಿ ಬಂತು. ಕಾಂಡ ಕೊರೆಯುವ ಹುಳದ ವಿರುದ್ಧ ಅದು.

ಎರಡರಲ್ಲೂ ಒಂದು ಸಾಮ್ಯ ಇದೆ. ಇಂಡೋನೇಷ್ಯಾದ ಆ ಕಂಪನಿ ತಾನೇ ಕಬ್ಬು ಬೆಳೆಸುತ್ತದೆ. ಸಿಟಿಸಿಯಲ್ಲಿ ಸಕ್ಕರೆ ಉದ್ಯಮದ ದೊಡ್ಡ ಕಂಪನಿಗಳದ್ದೇ ಪಾಲು ಇದೆ, ಮತ್ತು ಬ್ರೆಜಿಲ್‌ನ ಕಾರ್ಖಾನೆಗಳು ಸಾವಿರಾರು ಎಕರೆಯನ್ನು ತಾವೇ ಬೆಳೆಸುತ್ತವೆ. ಸಂಶೋಧನೆಗೆ ದುಡ್ಡು ಹಾಕುವವರು ಮತ್ತು ಅದರ ಲಾಭ ಪಡೆಯುವವರು ಒಬ್ಬರೇ. ಹೊಲ ಎಷ್ಟು ಅಂತ ಲೆಕ್ಕ ಇರುವ ಕೆಲವೇ ಗಿರಾಕಿಗಳಿದ್ದರೆ ಎಕರೆ ಲೆಕ್ಕದಲ್ಲಿ ರಾಯಧನ ವಸೂಲಿ ಮಾಡಬಹುದು. ಎರಡು ಮೂರು ಎಕರೆಯ ಲಕ್ಷಾಂತರ ರೈತರಿರುವ ನಮ್ಮ ಕಡೆ ಅದು ನಡೆಯಲ್ಲ. ಅದಕ್ಕೆ ಸೇರಿ ನಮ್ಮ ದೇಶದಲ್ಲಿ ಕುಲಾಂತರಿ ಬೆಳೆಗಳ ಅನುಮತಿಯೂ ಬಿಗಿ. ಇವತ್ತಿಗೂ ಇಲ್ಲಿ ವಾಣಿಜ್ಯವಾಗಿ ಬೆಳೆಯಲು ಬಿಟ್ಟ ಕುಲಾಂತರಿ ಬೆಳೆ ಹತ್ತಿ ಒಂದೇ.

ತೂಕಕ್ಕೆ ದುಡ್ಡು, ಸಿಹಿಗಲ್ಲ

ಇನ್ನೊಂದು ಗಂಟು ಇದೆ. ಇದನ್ನು ಬಯೋಟೆಕ್ ಪುಸ್ತಕಗಳಲ್ಲಿ ಹೇಳಲ್ಲ, ಕಾರ್ಖಾನೆಯ ಕಾಟಾ ಮುಂದೆ ನಿಂತರೆ ಗೊತ್ತಾಗುತ್ತದೆ. ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ಎಫ್‌ಆರ್‌ಪಿ ನಿಗದಿ ಮಾಡುತ್ತದೆ. 2025-26ಕ್ಕೆ ಶೇ. 10.25 ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ರಿಕವರಿ 0.1 ಹೆಚ್ಚಾದ ಹಾಗೆ 3.46 ರೂಪಾಯಿ ಹೆಚ್ಚು. ರಿಕವರಿ ಅಂದರೆ 100 ಕಿಲೋ ಕಬ್ಬಿನಿಂದ ಎಷ್ಟು ಕಿಲೋ ಸಕ್ಕರೆ ಬಂತು ಅನ್ನೋದು.

ಕೇಳೋಕೆ ಸರಿಯಾಗಿದೆ. ಆದರೆ ಆ ರಿಕವರಿ ಇಡೀ ಕಾರ್ಖಾನೆಯ ಸರಾಸರಿ. ನನ್ನ ಕಬ್ಬಿನಲ್ಲಿ 12 ಇದೆ, ಪಕ್ಕದವರದ್ದರಲ್ಲಿ 10 ಇದೆ ಅಂದುಕೊಳ್ಳಿ. ಇಬ್ಬರಿಗೂ ಟನ್ನಿಗೆ ಒಂದೇ ದರ. ಹಾಗಾದರೆ ರೈತ ಯಾವ ತಳಿ ಆರಿಸಬೇಕು? ತೂಕ ಬರುವ ತಳಿ. ಕಾರ್ಖಾನೆಗೆ ಯಾವುದು ಬೇಕು? ಸಕ್ಕರೆ ಬರುವ ತಳಿ. ಎರಡೂ ಇರುವ ತಳಿ ಸಿಕ್ಕರೆ ಎಲ್ಲರಿಗೂ ಖುಷಿ, 86032 ಇಷ್ಟು ಹರಡಲು ಅದೂ ಒಂದು ಕಾರಣ. ಆದರೆ ಲ್ಯಾಬಿನವರು ಸಕ್ಕರೆ ಅಂಶ ಮಾತ್ರ ಹೆಚ್ಚಿಸಿದ ತಳಿ ತಂದರೆ ಅದನ್ನು ಹಚ್ಚಲು ರೈತನಿಗೆ ಕಾರಣವೇ ಇರಲ್ಲ. ಬ್ರೆಜಿಲ್‌ನಲ್ಲಿ ಕಬ್ಬಿನ ಸ್ಯಾಂಪಲ್ ತೆಗೆದು ಅದರಲ್ಲಿ ಸಿಗುವ ಸಕ್ಕರೆಯ ಲೆಕ್ಕದಲ್ಲಿ ಬೆಲೆ ಕೊಡುವ ಪದ್ಧತಿ ಇದೆ. ಅಲ್ಲಿ ಸಿಹಿ ತಳಿಗೆ ಗಿರಾಕಿ ಇದ್ದಾನೆ.

ಏನು ಮಾರಾಟ ಆಗುತ್ತೆ?

ತಳಿ ಮಾರೋದು ಕಷ್ಟ ಅಂದ ಮಾತ್ರಕ್ಕೆ ಕಬ್ಬಿನ ಬಯೋಟೆಕ್ ಸೋತಿದೆ ಅಂತಲ್ಲ. ಕಬ್ಬಿನ ಸುತ್ತ ಇರುವ ಬೇರೆ ವಸ್ತುಗಳು ಚೆನ್ನಾಗಿಯೇ ಮಾರಾಟ ಆಗುತ್ತಿವೆ.

ಮೊದಲನೆಯದು ಟಿಶ್ಯೂ ಕಲ್ಚರ್ ಸಸಿ. ಬೀಜದ ಜೊತೆ ರೋಗವೂ ಬರುತ್ತೆ ಅಂದೆನಲ್ಲ, ಅದಕ್ಕೆ ಪರಿಹಾರ ಇದು. ಕಬ್ಬಿನ ತುದಿಯಲ್ಲಿ ಸದಾ ಬೆಳೆಯುತ್ತಿರುವ ಚಿಕ್ಕ ಭಾಗ ಇದೆ, ಅದಕ್ಕೆ ಮೆರಿಸ್ಟೆಮ್ ಅಂತಾರೆ. ವೈರಸ್‌ಗಳು ಅಲ್ಲಿಗೆ ಸಾಮಾನ್ಯವಾಗಿ ತಲುಪಿರುವುದಿಲ್ಲ. ಆ ಭಾಗ ಮಾತ್ರ ಕತ್ತರಿಸಿ, ಲವಣ, ಸಕ್ಕರೆ, ವಿಟಮಿನ್, ಹಾರ್ಮೋನ್ ಇರುವ ಮಾಧ್ಯಮದಲ್ಲಿ ಇಡುತ್ತಾರೆ. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಕೊಟ್ಟ ರೆಸಿಪಿಯೇ ಇವತ್ತಿಗೂ ಮೂಲ. ಒಂದು ತುದಿ ಹಲವು ಚಿಗುರಾಗುತ್ತೆ, ಅವನ್ನು ಬಿಡಿಸಿ ಮತ್ತೆ ಇಟ್ಟರೆ ಇನ್ನೂ ಹಲವು. ಹೀಗೆ ಒಂದೇ ತುದಿಯಿಂದ ಒಂದು ವರ್ಷದೊಳಗೆ ಸಾವಿರಾರು ಸಸಿ. ಆಮೇಲೆ ಬೇರು ಬರಿಸಿ, ನೆರಳುಮನೆಯಲ್ಲಿ ಹದಗೊಳಿಸಿ ಹೊಲಕ್ಕೆ ಕೊಡುತ್ತಾರೆ. ಹಳೇ ಪದ್ಧತಿಯಲ್ಲಿ ಒಂದು ಎಕರೆಯ ಬೀಜದ ಕಬ್ಬಿನಿಂದ ಸುಮಾರು ಹತ್ತು ಎಕರೆ ಹಚ್ಚಬಹುದು. ಹಾಗಾಗಿ ಹೊಸ ತಳಿ ಬೇಗ ಹರಡಬೇಕಾದರೆ ಟಿಶ್ಯೂ ಕಲ್ಚರ್ ಬೇಕೇ ಬೇಕು.

ಸಸಿ ದುಬಾರಿ, ಅದಕ್ಕೇ ಎಲ್ಲರೂ ನೇರವಾಗಿ ಅದನ್ನೇ ಹಚ್ಚಲ್ಲ. ಮೊದಲು ಬೀಜದ ಪ್ಲಾಟ್ ಮಾಡಿ, ಅಲ್ಲಿಂದ ಬಂದ ಆರೋಗ್ಯವಾದ ಕಬ್ಬನ್ನು ರೈತರಿಗೆ ಕೊಡುತ್ತಾರೆ. ಅದರ ಮುಂದಿನ ಕೊಂಡಿಯೇ ಈಗ ಹಳ್ಳಿಗಳಲ್ಲಿ ಕಾಣುವ ಕಬ್ಬಿನ ಸಸಿ ನರ್ಸರಿ. ಇಡೀ ತುಂಡಿನ ಬದಲು ಕಣ್ಣಿನ ಭಾಗ ಮಾತ್ರ ಕತ್ತರಿಸಿ ಟ್ರೇಯಲ್ಲಿ ಬೆಳೆಸುತ್ತಾರೆ. ಲೆಕ್ಕ ನೋಡಿ: ತುಂಡು ಹಚ್ಚಿದರೆ ಎಕರೆಗೆ ಎರಡೂವರೆಯಿಂದ 3 ಟನ್ ಕಬ್ಬು ಬೇಕು. 5 ಅಡಿ ಸಾಲು, 2 ಅಡಿ ಅಂತರದಲ್ಲಿ ಸಸಿ ಹಚ್ಚಿದರೆ 43,560 ಚದರ ಅಡಿಗೆ 4,356 ಸಸಿ ಸಾಕು. ಉಳಿದ ಕಬ್ಬು ಕಾರ್ಖಾನೆಗೆ ಹೋಗುತ್ತೆ. ಇಲ್ಲಿ ಮಾರಾಟ ಆಗುತ್ತಿರೋದು ಜೀನ್ ಅಲ್ಲ, ಕೆಲಸ. ಆರೋಗ್ಯ, ಸಮಯ ಮತ್ತು ಕಷ್ಟ ಉಳಿಸುವ ಕೆಲಸ. ಅದನ್ನು ರೈತ ಪ್ರತಿ ಸಲ ಕೊಳ್ಳುತ್ತಾನೆ.

ಎರಡನೆಯದು ಹುಳ ತಿನ್ನುವ ಹುಳ. 2002ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಕಡೆಯಿಂದ ಕಬ್ಬಿನ ಬಿಳಿ ಉಣ್ಣೆ ಹೇನು ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗಕ್ಕೆ ನುಗ್ಗಿತು. ಎಲೆಯ ಕೆಳಗೆ ಹತ್ತಿ ಅಂಟಿಸಿದ ಹಾಗೆ ಬಿಳಿ, ಮೇಲೆ ಕಪ್ಪು ಬೂಷ್ಟು. ಆಳೆತ್ತರ ಮೀರಿದ ಕಬ್ಬಿನೊಳಗೆ ಹೋಗಿ ಔಷಧಿ ಹೊಡೆಯೋದು ಎಷ್ಟು ಕಷ್ಟ ಅಂತ ಊಹಿಸಿ. ಕೊನೆಗೆ ಕೈ ಹಿಡಿದಿದ್ದು ಡಿಫಾ ಅನ್ನುವ ಒಂದು ಪತಂಗದ ಮರಿಹುಳ ಮತ್ತು ಮೈಕ್ರೋಮಸ್ ಅನ್ನುವ ಚಿಕ್ಕ ಕೀಟ. ಎರಡೂ ಆ ಹೇನನ್ನು ತಿನ್ನುತ್ತವೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸೇರಿದಂತೆ ಹಲವರು ಇವನ್ನು ಸಾಕಿ ಬೆಳೆಸುವ ವಿಧಾನ ಮಾಡಿದರು. ಈ ಕೀಟಗಳು ಇರುವ ಎಲೆಗಳನ್ನು ಒಂದು ಹೊಲದಿಂದ ಇನ್ನೊಂದಕ್ಕೆ ಒಯ್ದು ಬಿಡಲಾಯಿತು. ಕೆಲವೇ ವರ್ಷಗಳಲ್ಲಿ ಹೇನಿನ ಕಾಟ ಇಳಿಯಿತು. ವಿಚಿತ್ರ ಏನಂದರೆ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದು ದೊಡ್ಡ ವ್ಯಾಪಾರ ಆಗಲಿಲ್ಲ. ಯಾಕಂದರೆ ಹೊಲಕ್ಕೆ ಬಿಟ್ಟ ಕೀಟ ತಾನೇ ಮರಿ ಮಾಡಿ ಹರಡಿತು. ಮತ್ತೆ ಕಾಪಿ-ಪೇಸ್ಟ್! ಆದರೆ ಕಾಂಡಕೊರಕಕ್ಕೆ ಬಳಸುವ ಟ್ರೈಕೋಕಾರ್ಡ್ ಮಾರಾಟ ಆಗುತ್ತೆ. ಅಕ್ಕಿ ಪತಂಗದ ಸುಮಾರು 20,000 ಮೊಟ್ಟೆ ಅಂಟಿಸಿದ ಕಾರ್ಡ್ ಅದು, ಅದರೊಳಗೆ ಟ್ರೈಕೋಗ್ರಾಮ ಅನ್ನುವ ಕಣಜದ ಮರಿಗಳಿರುತ್ತವೆ. ಇವನ್ನು ಹೊಲದಲ್ಲಿ ಮತ್ತೆ ಮತ್ತೆ ಬಿಡಬೇಕು, ಅದಕ್ಕೇ ವ್ಯಾಪಾರ ನಿಂತಿದೆ.

ಮೂರನೆಯದು ಬ್ಯಾಕ್ಟೀರಿಯಾ. 1988ರಲ್ಲಿ ಬ್ರೆಜಿಲ್‌ನ ಯೊಹಾನಾ ಡೊಬೆರೈನರ್ ಅವರ ತಂಡ, ಕಬ್ಬಿನ ಒಳಗೇ ವಾಸ ಮಾಡುತ್ತಾ ಗಾಳಿಯ ನೈಟ್ರೋಜನ್ ಹಿಡಿಯುವ ಒಂದು ಬ್ಯಾಕ್ಟೀರಿಯಾವನ್ನು ವಿವರಿಸಿತು. ಅದೇ ಇವತ್ತು 'ಅಸಿಟೋಬ್ಯಾಕ್ಟರ್' ಹೆಸರಿನ ಜೈವಿಕ ಗೊಬ್ಬರವಾಗಿ ಬಾಟಲಿಯಲ್ಲಿ ಸಿಗುತ್ತದೆ.

ಗೇಟಿನ ಒಳಗಿನ ಬಯೋಟೆಕ್

ಕಾರ್ಖಾನೆಯ ಗೇಟ್ ದಾಟಿದ ಮೇಲೆ ಕಥೆ ಪೂರ್ತಿ ಬೇರೆ. ಅಲ್ಲಿ ಗಿರಾಕಿ ಒಬ್ಬನೇ, ದುಡ್ಡು ಇದೆ, ಎಲ್ಲವನ್ನೂ ಅಳೆಯಬಹುದು. ಅದಕ್ಕೇ ಕಬ್ಬಿನ ಬಯೋಟೆಕ್‌ನಲ್ಲಿ ಬಹಳ ದೊಡ್ಡ ವ್ಯಾಪಾರ ಅಲ್ಲೇ ನಡೆಯೋದು: ಎಥೆನಾಲ್.

ಒಂದು ಲೆಕ್ಕ ಮಾಡೋಣ. 1 ಟನ್ ಕಬ್ಬಿನ ರಸದಲ್ಲಿ 120 ಕಿಲೋ ಸುಕ್ರೋಸ್ ಸಿಕ್ಕಿತು ಅಂದುಕೊಳ್ಳಿ. ಅದು ನೀರು ಸೇರಿ ಒಡೆದರೆ ಸುಮಾರು 126 ಕಿಲೋ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಯೀಸ್ಟ್ 180 ಗ್ರಾಂ ಗ್ಲೂಕೋಸ್ ತಿಂದರೆ 92 ಗ್ರಾಂ ಎಥೆನಾಲ್, 88 ಗ್ರಾಂ ಕಾರ್ಬನ್ ಡೈಆಕ್ಸೈಡ್. ಅಂದರೆ 64 ಕಿಲೋ ಎಥೆನಾಲ್, ಸಾಂದ್ರತೆ 0.789ರಿಂದ ಭಾಗಿಸಿದರೆ 82 ಲೀಟರ್ ಹತ್ತಿರ. ಯೀಸ್ಟ್ ತಾನೂ ಬೆಳೆಯಬೇಕು, ಭಟ್ಟಿಯಲ್ಲೂ ನಷ್ಟ ಇದೆ. ಕೊನೆಗೆ ಸುಮಾರು 70 ಲೀಟರ್. ರಸದಿಂದ ಮೊದಲು ಸಕ್ಕರೆ ತೆಗೆದು, ಉಳಿದ ಕಾಕಂಬಿಯಿಂದ ಮಾತ್ರ ಮಾಡಿದರೆ 1 ಟನ್ ಕಬ್ಬಿಗೆ 10 ಲೀಟರ್ ಆಸುಪಾಸು. ಭಟ್ಟಿ ಇಳಿಸಿ ಇಳಿಸಿ ಶೇ. 95ರ ಹತ್ತಿರ ಹೋದ ಮೇಲೆ ನೀರು ಬಿಡಲ್ಲ, ಅದು ಅಜಿಯೋಟ್ರೋಪ್. ಆಗ 3 ಆಂಗ್‌ಸ್ಟ್ರಾಮ್ ರಂಧ್ರದ ಜಿಯೋಲೈಟ್ ಜರಡಿ ನೀರಿನ ಅಣುವನ್ನು ಹಿಡಿದುಕೊಳ್ಳುತ್ತದೆ, ಎಥೆನಾಲ್ ದೊಡ್ಡದು, ಒಳಗೆ ಹೋಗಲ್ಲ. ಕೆಮಿಕಲ್ ಬ್ರ್ಯಾಂಚಿನವರು ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ.

2022ರ ಜೂನ್‌ನಲ್ಲಿ ದೇಶ ಪೆಟ್ರೋಲ್‌ನಲ್ಲಿ ಶೇ. 10 ಎಥೆನಾಲ್ ಮುಟ್ಟಿತು. 2030ಕ್ಕೆ ಇದ್ದ ಶೇ. 20ರ ಗುರಿಯನ್ನು 2025ಕ್ಕೆ ತಂದರು. ಆದರೆ ಇಲ್ಲೂ ಒಂದು ಅಪಾಯ ಇದೆ. 2023ರಲ್ಲಿ ಮಳೆ ಕೈಕೊಟ್ಟು ಸಕ್ಕರೆ ಕಡಿಮೆ ಆಗುತ್ತೆ ಅಂದಾಗ, ಆ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಎಥೆನಾಲ್ ಮಾಡೋದನ್ನು ತಡೆಯಿತು. 2024ರಲ್ಲಿ ಮತ್ತೆ ಬಿಟ್ಟಿತು. ಈ ನಡುವೆ ಗೋವಿನಜೋಳದ ಎಥೆನಾಲ್ ಜೋರಾಗಿ ಬೆಳೆಯಿತು. ಕಬ್ಬಿಲ್ಲದ ನಮ್ಮ ತಿರ್ಲಾಪುರದಂಥ ಊರಿಗೂ ಎಥೆನಾಲ್ ಸುದ್ದಿ ಸಂಬಂಧಪಡುವುದು ಇದೇ ದಾರಿಯಲ್ಲಿ.

ಮುಂದಿನ ಹೆಜ್ಜೆ ಕಬ್ಬಿನ ಸಿಪ್ಪೆಯಿಂದಲೇ ಎಥೆನಾಲ್. ಸಿಪ್ಪೆಯ ಸೆಲ್ಯುಲೋಸ್ ಕೂಡ ಗ್ಲೂಕೋಸ್ ಸರಪಳಿಯೇ, ಆದರೆ ಲಿಗ್ನಿನ್ ಅದನ್ನು ಸುತ್ತಿಕೊಂಡಿದೆ. ಆಸಿಡ್, ಹಬೆ, ಆಮೇಲೆ ಕಿಣ್ವ ಹಾಕಿ ಬಿಡಿಸಬೇಕು. ಅದರಿಂದ ಬರುವ ಐದು ಕಾರ್ಬನ್‌ನ ಸಕ್ಕರೆಯನ್ನು ಸಾಮಾನ್ಯ ಯೀಸ್ಟ್ ತಿನ್ನಲ್ಲ, ಅದಕ್ಕೆ ಬದಲಾಯಿಸಿದ ಯೀಸ್ಟ್ ಬೇಕು. ಹರಿಯಾಣದ ಪಾಣಿಪತ್‌ನಲ್ಲಿ ಭತ್ತದ ಹುಲ್ಲಿನಿಂದ ಎಥೆನಾಲ್ ಮಾಡುವ ಘಟಕ 2022ರಲ್ಲಿ ಉದ್ಘಾಟನೆ ಆಯಿತು. ಸಿಪ್ಪೆಗೆ ಬೇರೆಯದೇ ಪೈಪೋಟಿ ಇದೆ. ಕಾರ್ಖಾನೆಗಳು ಅದನ್ನು ಸುಟ್ಟು ಹಬೆ ಮತ್ತು ಕರೆಂಟ್ ಮಾಡುತ್ತವೆ, ಉಳಿದ ಕರೆಂಟ್ ಮಾರುತ್ತವೆ. ಸುಟ್ಟರೇ ದುಡ್ಡು ಬರುವಾಗ ಕಿಣ್ವ ಹಾಕಿ ಕಷ್ಟ ಪಡೋದು ಯಾಕೆ ಅಂತ ಕೇಳಿದರೆ ಆ ಪ್ರಶ್ನೆಗೆ ಉತ್ತರ ರೂಪಾಯಿಯಲ್ಲೇ ಕೊಡಬೇಕು.

ಒಂದೇ ತಳಿಯ ಅಪಾಯ

ಇಷ್ಟೆಲ್ಲಾ ಓದಿದ ಮೇಲೆ, ತಳಿ ಕೆಲಸ ಸರ್ಕಾರ ಮಾಡಲಿ, ನಾವು ಎಥೆನಾಲ್ ಮಾಡೋಣ ಅಂತ ಅನಿಸಬಹುದು. ಉತ್ತರ ಪ್ರದೇಶದ ಕಡೆ ನೋಡಿ. 2009ರಲ್ಲಿ ಬಿಡುಗಡೆ ಆದ ಕೋ 0238 ಅಲ್ಲಿ ಎಷ್ಟು ಹರಡಿತು ಅಂದರೆ ರಾಜ್ಯದ ಕಬ್ಬಿನ ಬಹುಪಾಲು ಅದೇ ಒಂದು ತಳಿ ಆಯಿತು. ಆಮೇಲೆ ಕೆಂಪು ಕೊಳೆ ರೋಗದ ಶಿಲೀಂಧ್ರ ಅದನ್ನು ಮುರಿಯಲು ಕಲಿತಿತು. ಇಡೀ ಜಿಲ್ಲೆ ಒಂದೇ ಗಿಡದ ಕಾಪಿ ಆಗಿರುವಾಗ ಒಂದು ಗಿಡಕ್ಕೆ ಬಂದದ್ದು ಎಲ್ಲಕ್ಕೂ ಬರುತ್ತದೆ. ಬೇರೆ ತಳಿಗೆ ಬದಲಾಗಲು ಬೀಜ ಸಿದ್ಧ ಇರಬೇಕು, ಅದಕ್ಕೆ ವರ್ಷಗಳು ಬೇಕು. ನಮ್ಮಲ್ಲೂ ಒಂದೇ ನಂಬರ್ ಮೇಲೆ ಇಷ್ಟು ಎಕರೆ ನಿಂತಿರುವಾಗ ಸಂಕೇಶ್ವರದಂಥ ಕೇಂದ್ರದಲ್ಲಿ ಯಾರೂ ಕೊಳ್ಳದ, ಇನ್ನೂ ಹೆಸರಿಲ್ಲದ ಸಸಿಗಳನ್ನು ಬೆಳೆಸುತ್ತಾ ಇರೋದು ಒಂದು ಇನ್ಶೂರೆನ್ಸ್. ಅದು ಪ್ರಾಡಕ್ಟ್ ಅಲ್ಲ, ಆದರೆ ಅದಿಲ್ಲದೆ ಯಾವ ಪ್ರಾಡಕ್ಟೂ ಉಳಿಯಲ್ಲ.

ಇನ್ನೊಂದು ನೀರು. ಕಬ್ಬಿಗೆ ಒಂದು ಬೆಳೆಗೆ 1,500ರಿಂದ 2,500 ಮಿಲಿಮೀಟರ್ ನೀರು ಬೇಕು. ನವಲಗುಂದ ಕಡೆ ವರ್ಷದ ಮಳೆ ಅದರ ಅರ್ಧಕ್ಕಿಂತ ಕಡಿಮೆ. ಮಲಪ್ರಭಾ ಕಾಲುವೆ ಇದ್ದರೂ, ಕೊನೆ ಭಾಗದ ಹೊಲಕ್ಕೆ ನೀರು ಬರೋದು ಯಾವಾಗ ಅಂತ ಕಾಯುವ ಊರುಗಳು ನಮ್ಮವು. 1980ರ ಜುಲೈ 21ರಂದು ನವಲಗುಂದದಲ್ಲಿ ರೈತರು ಬೀದಿಗಿಳಿದದ್ದು, ಮುಂದೆ ಮಹದಾಯಿ ಹೋರಾಟ ಇಲ್ಲಿ ಇಷ್ಟು ಬಿಸಿ ಆದದ್ದು ಇದೇ ನೀರಿನ ಸುತ್ತ. ನದಿಯ ಮೇಲ್ಭಾಗದಲ್ಲಿ ಕಬ್ಬು ಹೆಚ್ಚಾದರೆ ಅದರ ಲೆಕ್ಕ ಕೆಳಗಿನ ಹೆಸರಿನ ಹೊಲದಲ್ಲಿ ಬರುತ್ತದೆ. ಅದಕ್ಕೇ ಕಡಿಮೆ ನೀರಿನಲ್ಲಿ ಬರುವ ಕಬ್ಬಿನ ಸಂಶೋಧನೆ, ಕಬ್ಬು ಬೆಳೆಯದ ನಮ್ಮೂರಿಗೂ ಬೇಕಾದ ಸಂಶೋಧನೆ.

ನಾವು ಎಲ್ಲಿ ಬರುತ್ತೇವೆ?

ಬಯೋಟೆಕ್ ಬ್ರ್ಯಾಂಚ್ ಅಲ್ಲದವರಿಗೂ ಇಲ್ಲಿ ಕೆಲಸ ಇದೆ, ಬಹುಶಃ ಹೆಚ್ಚೇ ಇದೆ. ಕಾಟಾ ಹತ್ತಿರ ನಿಂತ ಪ್ರತಿ ಟ್ರ್ಯಾಕ್ಟರ್‌ನ ಕಬ್ಬಿನಲ್ಲಿ ಸಕ್ಕರೆ ಎಷ್ಟಿದೆ ಅಂತ ಒಂದು ನಿಮಿಷದಲ್ಲಿ, ರೈತನ ಕಣ್ಣೆದುರೇ, ಅವನು ನಂಬುವ ಹಾಗೆ ಅಳೆಯುವ ಅಗ್ಗದ ಸೆನ್ಸರ್ ಮಾಡಿದರೆ ಅದು ಬರೀ ಎಲೆಕ್ಟ್ರಾನಿಕ್ಸ್ ಪ್ರಾಜೆಕ್ಟ್ ಅಲ್ಲ. ಸಿಹಿಗೆ ಬೆಲೆ ಸಿಗುವ ಪದ್ಧತಿಗೆ ದಾರಿ ಅದು, ಆ ಪದ್ಧತಿ ಬಂದರೆ ಲ್ಯಾಬಿನ ಸಿಹಿ ತಳಿಗೆ ಮೊದಲ ಸಲ ಗಿರಾಕಿ ಹುಟ್ಟುತ್ತಾನೆ. ಟಿಶ್ಯೂ ಕಲ್ಚರ್‌ನಲ್ಲಿ ಈಗಲೂ ಒಂದೊಂದೇ ಬಾಟಲಿ ಕೈಯಲ್ಲಿ ಹಿಡಿದು ಚಿಗುರು ಬಿಡಿಸುತ್ತಾರೆ, ಖರ್ಚಿನ ದೊಡ್ಡ ಪಾಲು ಆ ಕೂಲಿ. ಅದನ್ನು ಸರಳ ಮಾಡೋದು ಮೆಕ್ಯಾನಿಕಲ್‌ನವರ ಕೆಲಸ. ಯಾವ ನರ್ಸರಿಯ ಸಸಿ ಯಾವ ಬೀಜದ ಪ್ಲಾಟ್‌ನಿಂದ ಬಂತು ಅಂತ ದಾಖಲೆ ಇಡೋದು ಕಂಪ್ಯೂಟರ್ ಸೈನ್ಸ್‌ನವರಿಗೆ ಒಂದು ವಾರದ ಡೇಟಾಬೇಸ್. ಬಿಕಾನೇರಿ ನರ್ಮಾ ಕಥೆ ಓದಿದ ಮೇಲೆ ಆ ಡೇಟಾಬೇಸ್ ಚಿಕ್ಕದು ಅಂತ ಯಾರೂ ಅನ್ನಲ್ಲ.

ಹೊಸ ಜೀನ್ ಹುಡುಕೋದು ದೊಡ್ಡ ಕೆಲಸವೇ. ಆದರೆ ಕಬ್ಬಿನ ವಿಷಯದಲ್ಲಿ ಲ್ಯಾಬಿನಿಂದ ಹೊಲಕ್ಕೆ ಇರುವ ದೂರ ಬರೀ ಜೀನಿನದ್ದಲ್ಲ. ಬೀಜ ಯಾರು ಕೊಡುತ್ತಾರೆ, ಬೆಲೆ ಯಾವುದಕ್ಕೆ ಕಟ್ಟುತ್ತಾರೆ, ನೀರು ಯಾರ ಪಾಲಿನದ್ದು ಅನ್ನುವ ಪ್ರಶ್ನೆಗಳದ್ದೂ ಹೌದು. ಮುಂದಿನ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವವರು ಇವುಗಳಲ್ಲಿ ಒಂದನ್ನು ಎತ್ತಿಕೊಳ್ಳಬಹುದು. ಕಬ್ಬು ನುರಿಸುವ ಹಂಗಾಮು ನಡೆಯುವಾಗ ಒಮ್ಮೆ ಯಾವುದಾದರೂ ಕಾರ್ಖಾನೆಯ ಯಾರ್ಡಿಗೆ ಹೋಗಿ, ಸಾಲಿನಲ್ಲಿ ನಿಂತ ಟ್ರ್ಯಾಕ್ಟರ್‌ನವರನ್ನು ಮಾತಾಡಿಸಿ ಬನ್ನಿ. ಪ್ರಾಬ್ಲಮ್ ಸ್ಟೇಟ್‌ಮೆಂಟ್ ಅವರೇ ಹೇಳುತ್ತಾರೆ.